ಸರಕು ಇದೆ, ಖಾತೆ ಇಲ್ಲ

ದೀಪಾವಳಿಯ ದಿನ ಅಹಮದಾಬಾದ್, ವಡೋದರಾ, ಸೂರತ್‌ಗಳ ವರ್ತಕರು ಚೋಪಡಾ ಪೂಜೆ ಮಾಡುತ್ತಾರೆ. ಕೆಂಪು ಬಟ್ಟೆಯ ರಟ್ಟು ಹಾಕಿದ ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶುಭ, ಲಾಭ ಎಂದು ಬರೆಯುತ್ತಾರೆ. ಗೋದಾಮಿನಲ್ಲಿ ಎಷ್ಟೇ ಸೀರೆಗಳಿದ್ದರೂ ಪೂಜೆ ಸಲ್ಲುವುದು ಪುಸ್ತಕಕ್ಕೆ. ಇದರಲ್ಲಿ ವ್ಯಾಪಾರಿಯ ವಿವೇಕವಿದೆ. ಯಾವ ಗಂಟು ಯಾರದು, ಎಷ್ಟಕ್ಕೆ ಬಂತು, ಯಾರಿಗೆ ಹೋಗಬೇಕು ಎಂಬ ಬರಹ ಕಳೆದುಹೋದರೆ ಗೋದಾಮು ತುಂಬಿ ತುಳುಕುತ್ತಿದ್ದರೂ ಅಂಗಡಿ ನಡೆಯುವುದಿಲ್ಲ. ಈಚೆಗೆ ಪೂಜೆಯ ಮಣೆಯ ಮೇಲೆ ಚೋಪಡಾದ ಪಕ್ಕದಲ್ಲಿ ಲ್ಯಾಪ್‌ಟಾಪಿಗೂ ಜಾಗ ಸಿಕ್ಕಿದೆ. ಅದರ ಒಳಗೂ ಸರಕು ಮತ್ತು ಖಾತೆ ಎಂಬ ಎರಡು ಪದರಗಳಿವೆ. ಮನೆಯ ಕಂಪ್ಯೂಟರಿನಲ್ಲಿ ತಂತ್ರಾಂಶಗಳು ಇದ್ದಕ್ಕಿದ್ದಂತೆ ಮಾಯವಾದಾಗ ಹೆಚ್ಚಿನ ಪಾಲು ಕೆಟ್ಟಿರುವುದು ಖಾತೆ. ಸರಕು ಇದ್ದಲ್ಲೇ ಇರುತ್ತದೆ, ಇಲ್ಲವೇ ಬೇರೆಡೆ ಮತ್ತೆ ಸಿಗುತ್ತದೆ. ಹಾಗಾಗಿ ರಿಪೇರಿ ಶುರುವಾಗಬೇಕಾದ್ದು ಖಾತೆಯನ್ನು ಹುಡುಕುವುದರಿಂದ ಎಂಬುದು ಈ ಅಧ್ಯಾಯದ ವಾದ. ರೂಢಿ ಇದಕ್ಕೆ ತೀರಾ ತದ್ವಿರುದ್ಧ. ಸೂರತ್‌ನ ರಿಪೇರಿ ಅಂಗಡಿಯಲ್ಲಿ 'ಫಾರ್ಮೆಟ್ ಮಾರಿ ದೋ' ಎನ್ನುತ್ತಾರೆ, ಬೆಂಗಳೂರಿನಲ್ಲಿ 'ಫಾರ್ಮ್ಯಾಟ್ ಹೊಡೆದುಬಿಡಿ' ಎನ್ನುತ್ತಾರೆ. ಔಷಧ ಒಂದೇ, ಅದು ಮಾಡುವ ಹಾನಿಯೂ ಒಂದೇ.

ಡಾಸ್ ಕಾಲದಲ್ಲಿ ಒಂದು ಪ್ರೋಗ್ರಾಂ ಎಂದರೆ ಬಹುತೇಕ ಒಂದು ಫೋಲ್ಡರ್. ಅದನ್ನು ಫ್ಲಾಪಿಗೆ ನಕಲು ಮಾಡಿ ಇನ್ನೊಂದು ಯಂತ್ರಕ್ಕೆ ಹಾಕಿದರೆ ಓಡುತ್ತಿತ್ತು. ವಿಂಡೋಸ್ 95 ಬಂದ ಮೇಲೆ ಆ ಸರಳತೆ ಹೋಯಿತು. ಈಗ ಒಂದು ತಂತ್ರಾಂಶವನ್ನು ಅಳವಡಿಸಿದಾಗ ಅದರ ಮುಖ್ಯ ಫೈಲ್‌ಗಳು 'ಪ್ರೋಗ್ರಾಂ ಫೈಲ್ಸ್' ಎಂಬ ಫೋಲ್ಡರಿಗೆ ಹೋಗುತ್ತವೆ. ಜೊತೆಗೆ ರಿಜಿಸ್ಟ್ರಿ ಎಂಬ ಕೇಂದ್ರ ದಾಖಲೆಯಲ್ಲಿ ಹತ್ತಾರು, ಕೆಲವೊಮ್ಮೆ ಸಾವಿರಾರು ನಮೂದುಗಳು ಬೀಳುತ್ತವೆ: ಯಾವ ಬಗೆಯ ಫೈಲನ್ನು ಯಾರು ತೆರೆಯಬೇಕು, ಬೇರೆ ಪ್ರೋಗ್ರಾಂಗಳ ಜೊತೆ ಹಂಚಿಕೊಳ್ಳುವ ಲೈಬ್ರರಿ ಎಲ್ಲಿದೆ, ಕಂಪ್ಯೂಟರ್ ಎದ್ದಾಗ ಹಿನ್ನೆಲೆಯಲ್ಲಿ ಏನು ಓಡಬೇಕು, ಲೈಸೆನ್ಸ್ ಯಾವ ಯಂತ್ರಕ್ಕೆ ಕಟ್ಟಿದೆ, ತೆಗೆದುಹಾಕುವ ದಾರಿ ಯಾವುದು. ಬಳಸುವವರ ಆಯ್ಕೆಗಳು ಮತ್ತು ರೂಢಿಗಳು 'ಆಪ್‌ಡೇಟಾ' ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಸೇರುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ಕಾಣುವ ಚಿತ್ರವಂತೂ ಪ್ರೋಗ್ರಾಮೇ ಅಲ್ಲ, ಅದರ ವಿಳಾಸ ಬರೆದಿಟ್ಟ ಒಂದು ಪುಟ್ಟ ಫೈಲ್. ಇವುಗಳಲ್ಲಿ ಯಾವುದು ಹೋದರೂ ಬಳಸುವವರು ಹೇಳುವುದು ಒಂದೇ ಮಾತು, 'ಸಾಫ್ಟ್‌ವೇರ್ ಹೋಯ್ತು'.

ವಿಳಾಸ ಮಾತ್ರ ಹೋದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಮಟ್ಟದ ಒಂದು ಪ್ರಯೋಗವೇ ಅಕಸ್ಮಾತ್ತಾಗಿ ನಡೆದುಹೋಗಿದೆ. 2023ರ ಜನವರಿ 13ರಂದು ಮೈಕ್ರೋಸಾಫ್ಟಿನ ಡಿಫೆಂಡರ್ ಎಂಬ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟ್ ದಾರಿ ತಪ್ಪಿತು. ಆಫೀಸ್ ಫೈಲ್‌ಗಳಲ್ಲಿ ಅಡಗಿರುವ ದುಷ್ಟ ಮ್ಯಾಕ್ರೋಗಳನ್ನು ತಡೆಯಲೆಂದು ಇದ್ದ ನಿಯಮವೊಂದು ನಿರಪರಾಧಿ ಶಾರ್ಟ್‌ಕಟ್‌ಗಳನ್ನೇ ಅಪರಾಧಿಗಳೆಂದು ಬಗೆದು ಅಳಿಸಿತು. ಆ ನಿಯಮವನ್ನು ಜಾರಿಯಲ್ಲಿಟ್ಟಿದ್ದ ಸಂಸ್ಥೆಗಳಲ್ಲಿ ಸ್ಟಾರ್ಟ್ ಮೆನು, ಟಾಸ್ಕ್‌ಬಾರ್ ಖಾಲಿಯಾದವು. ವರ್ಡ್ ಇಲ್ಲ, ಎಕ್ಸೆಲ್ ಇಲ್ಲ, ಬ್ರೌಸರ್ ಇಲ್ಲ. ನೋಡಿದವರಿಗೆ ಎಲ್ಲ ತಂತ್ರಾಂಶವೂ ಕಿತ್ತುಹೋದಂತೆ ಕಂಡಿತು. ನಿಜದಲ್ಲಿ ಒಂದು ಪ್ರೋಗ್ರಾಮೂ ಹೋಗಿರಲಿಲ್ಲ. 'ಪ್ರೋಗ್ರಾಂ ಫೈಲ್ಸ್' ಒಳಗೆ ಹೋಗಿ ಒತ್ತಿದವರಿಗೆ ಎಲ್ಲವೂ ಮೊದಲಿನಂತೆಯೇ ತೆರೆದುಕೊಂಡವು. ಆಮೇಲೆ ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ ತಂತ್ರಾಂಶಗಳನ್ನು ಮತ್ತೆ ಅಳವಡಿಸುವುದಾಗಿರಲಿಲ್ಲ, ಶಾರ್ಟ್‌ಕಟ್‌ಗಳನ್ನು ಮತ್ತೆ ಹುಟ್ಟಿಸುವ ಸಣ್ಣ ಸ್ಕ್ರಿಪ್ಟ್ ಆಗಿತ್ತು. ಅಂದು ಗಾಬರಿಯಲ್ಲಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿದವರಿದ್ದರೆ, ಕೆಲವು ಕಿಲೋಬೈಟ್ ಸರಿಪಡಿಸಲು ಇಡೀ ಡಿಸ್ಕನ್ನು ಬಲಿಕೊಟ್ಟಂತಾಯಿತು.

ಲಿನಕ್ಸ್ ಲೋಕದ ಸಾಕ್ಷ್ಯ ಇನ್ನೂ ಸ್ಪಷ್ಟ, ಏಕೆಂದರೆ ಅಲ್ಲಿ ಖಾತೆ ಬಚ್ಚಿಟ್ಟ ವಸ್ತುವಲ್ಲ, ಯಾರು ಬೇಕಾದರೂ ಓದಬಹುದಾದ ಪಠ್ಯ. 2021ರ ನವೆಂಬರಿನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್ ಇದ್ದ ತಮ್ಮ ಯಂತ್ರಕ್ಕೆ ಸ್ಟೀಮ್ ಎಂಬ ಆಟಗಳ ತಂತ್ರಾಂಶ ಹಾಕಲು ಹೋದರು. ಪ್ಯಾಕೇಜ್‌ಗಳ ಅವಲಂಬನೆಯಲ್ಲಿದ್ದ ದೋಷದಿಂದಾಗಿ, ಸ್ಟೀಮ್ ಬೇಕೆಂದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ ಎಂದು ಯಂತ್ರ ಎಚ್ಚರಿಸಿತು. 'ಹೌದು, ನಾನು ಹೇಳಿದಂತೆ ಮಾಡು' ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿ ಬೆರಳಚ್ಚು ಮಾಡಿದರೆ ಮಾತ್ರ ಮುಂದುವರಿಯುತ್ತೇನೆ ಎಂದಿತು. ಅವರು ಬೆರಳಚ್ಚು ಮಾಡಿದರು, ಕಿಟಕಿ, ಮೆನು, ಮೌಸ್ ಎಲ್ಲ ಹೋಗಿ ಕಪ್ಪು ಪರದೆ ಉಳಿಯಿತು. ಲಕ್ಷಾಂತರ ಜನ ನೋಡಿ ನಕ್ಕ ಈ ಪ್ರಸಂಗದಲ್ಲಿ ಅಷ್ಟಾಗಿ ಯಾರೂ ಗಮನಿಸದ ಸಂಗತಿಯೊಂದಿದೆ. ಡೆಬಿಯನ್, ಉಬುಂಟು, ಪಾಪ್ ಓಎಸ್, ನಮ್ಮ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್, ಈ ಕುಟುಂಬದ ಎಲ್ಲದರಲ್ಲೂ ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಆಜ್ಞೆಯಿಂದ, ಯಾವ ಯಾವ ಪ್ಯಾಕೇಜ್ ಬಂತು ಅಥವಾ ಹೋಯಿತು ಎಂಬುದು ಪ್ಯಾಕೇಜ್‌ಗಳನ್ನು ತಂದು ತೆಗೆಯುವ ಎಪಿಟಿ ಎಂಬ ಸಾಧನದ ಹಿಸ್ಟರಿ ಲಾಗ್‌ನಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಯಂತ್ರದಲ್ಲಿರುವ ಎಲ್ಲ ಪ್ಯಾಕೇಜ್‌ಗಳ ಪಟ್ಟಿ ಡಿಪಿಕೆಜಿ ಸ್ಟೇಟಸ್ ಎಂಬ ಒಂದೇ ಫೈಲಿನಲ್ಲಿರುತ್ತದೆ, ಅದರ ಹಳೆಯ ಪ್ರತಿಗಳೂ ಬ್ಯಾಕಪ್ ಫೋಲ್ಡರಿನಲ್ಲಿ ತಾವಾಗಿಯೇ ಉಳಿಯುತ್ತವೆ. ಕಪ್ಪು ಪರದೆಯಲ್ಲೇ ಲಾಗಿನ್ ಆಗಿ ಕೊನೆಯ ನಮೂದನ್ನು ಓದಿದರೆ ಏನೇನು ಹೋಯಿತೆಂದು ತಿಳಿಯುತ್ತದೆ. ಆ ಹೆಸರುಗಳನ್ನು ಮತ್ತೆ ಕೇಳಿದರೆ ಸರ್ವರ್‌ನಿಂದ ಎಲ್ಲವೂ ಬರುತ್ತವೆ. ಬಳಕೆದಾರರ ಹೋಮ್ ಫೋಲ್ಡರನ್ನು ಪ್ಯಾಕೇಜ್ ತೆಗೆಯುವ ಆಜ್ಞೆ ಮುಟ್ಟುವುದಿಲ್ಲವಾದ್ದರಿಂದ, ಮರಳಿ ಬಂದ ತಂತ್ರಾಂಶ ಹಳೆಯ ಆಯ್ಕೆಗಳನ್ನೇ ಎತ್ತಿಕೊಂಡು ಕೆಲಸ ಶುರುಮಾಡುತ್ತದೆ. ಗಿಗಾಬೈಟ್‌ಗಳಷ್ಟು ತಂತ್ರಾಂಶ ಮರಳಿ ಬರಲು ಬೇಕಾದದ್ದು ಕೆಲವು ಪುಟಗಳ ಪಟ್ಟಿ ಮತ್ತು ಇಂಟರ್ನೆಟ್ ಸಂಪರ್ಕ.

ವಿಂಡೋಸ್ ಮನೆಗಳಲ್ಲಿ ಪರಿಸ್ಥಿತಿ ಇಷ್ಟು ಸಲೀಸಲ್ಲ, ಮತ್ತು ಗುಜರಾತಿನ ಬಹುಪಾಲು ಮನೆಗಳದು ವಿಂಡೋಸೇ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡುವುದು ಹಳೆಯ ಪದ್ಧತಿ. 'ಸಿಯಲ್ಲಿ ವಿಂಡೋಸ್, ಡಿಯಲ್ಲಿ ನಿಮ್ಮ ಡೇಟಾ' ಎಂದು ಗ್ರಾಹಕರಿಗೆ ಹೇಳಿಕೊಡುತ್ತಾರೆ. ಫಾರ್ಮ್ಯಾಟ್ ಸಂಸ್ಕೃತಿ ನಿಂತಿರುವುದು ಈ ನಂಬಿಕೆಯ ಮೇಲೆ: ಸಿ ಅಳಿಸಿದರೆ ಹೋಗುವುದು ತಂತ್ರಾಂಶ ಮಾತ್ರ, ಅದನ್ನು ಮತ್ತೆ ಹಾಕಿದರಾಯಿತು. ನಂಬಿಕೆ ತಪ್ಪು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಔಟ್‌ಲುಕ್‌ನ ಅಂಚೆಗಳು, ಬ್ರೌಸರಿನ ಪಾಸ್‌ವರ್ಡ್‌ಗಳು ಎಲ್ಲವೂ ಯಾರಾದರೂ ಬೇಕೆಂದೇ ಬದಲಿಸದಿದ್ದರೆ ಸಿ ಡ್ರೈವಿನಲ್ಲೇ ಇರುತ್ತವೆ. ಸೂರತ್‌ನ ರಿಂಗ್ ರೋಡಿನ ಜವಳಿ ಮಾರುಕಟ್ಟೆಯ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಕೂತು ಬರೆಯುವ ಮೆಹ್ತಾಜಿಯ ಯಂತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಟ್ಯಾಲಿ ಇರುವುದು ಬಹುಮಟ್ಟಿಗೆ ಖಚಿತ. 1986ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ಕಂಪನಿಯ ಈ ತಂತ್ರಾಂಶ ಇಂದು ಗುಜರಾತಿ ವ್ಯಾಪಾರದ ಚೋಪಡಾ. ಟ್ಯಾಲಿ ತನ್ನ ಲೆಕ್ಕವನ್ನು ಅಂಕಿಗಳೇ ಹೆಸರಾದ ಫೋಲ್ಡರ್‌ಗಳಲ್ಲಿ ಇಡುತ್ತದೆ, ಬೇರೆ ಜಾಗ ತೋರಿಸದಿದ್ದರೆ ಆ ಫೋಲ್ಡರ್‌ಗಳೂ ಸಿ ಡ್ರೈವಿನಲ್ಲೇ. ಟ್ಯಾಲಿ ತೆರೆಯುತ್ತಿಲ್ಲ ಎಂದು ಬಂದ ಯಂತ್ರದಲ್ಲಿ ಆ ಫೋಲ್ಡರ್‌ಗಳು ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತವೆ. ಟ್ಯಾಲಿಯನ್ನು ಮತ್ತೆ ಹಾಕಿ ದಾರಿ ತೋರಿಸಿದರೆ ಕಂಪನಿಗಳ ಪಟ್ಟಿ ಹಾಗೆಯೇ ಎದ್ದು ಬರುತ್ತದೆ. ಫಾರ್ಮ್ಯಾಟ್ ಆದ ಯಂತ್ರದಲ್ಲಿ ತಂತ್ರಾಂಶ ಬರುತ್ತದೆ, ವರ್ಷದ ಲೆಕ್ಕ ಬರುವುದಿಲ್ಲ. ಲೈಸೆನ್ಸ್ ಕೂಡ ಆ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಮೊದಲೇ ಅದನ್ನು ಸರೆಂಡರ್ ಮಾಡದಿದ್ದರೆ ಮತ್ತೆ ಪಡೆಯಲು ಇನ್ನೊಂದು ಸುತ್ತು ಓಡಾಟ. ಜಿಎಸ್‌ಟಿ ರಿಟರ್ನಿಗೆ ಸಹಿ ಹಾಕುವ ಯುಎಸ್‌ಬಿ ಟೋಕನ್ನಿನ ಡ್ರೈವರು, ಪ್ರಿಂಟರಿಗೆ ಹೊಂದಿಸಿದ ಇನ್‌ವಾಯ್ಸ್ ಅಳತೆ, ಇಂಥ ಸಣ್ಣಪುಟ್ಟವು ನೆನಪಾಗುವುದು ರಿಟರ್ನ್ ಸಲ್ಲಿಸುವ ಕೊನೆಯ ದಿನ.

ಫಾರ್ಮ್ಯಾಟ್ ಎಂದರೆ ಒಳಗೆ ನಡೆಯುವುದೇನು ಎಂದು ನೋಡಿದರೆ ವಾದ ಇನ್ನಷ್ಟು ಬಿಗಿಯಾಗುತ್ತದೆ. ಒಂದು ಫೈಲನ್ನು ಅಳಿಸಿದಾಗ ಡಿಸ್ಕ್ ಅದರ ಮೈಯನ್ನು ಮುಟ್ಟುವುದಿಲ್ಲ. ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಮಾಸ್ಟರ್ ಫೈಲ್ ಟೇಬಲ್ ಎಂಬ ಪಟ್ಟಿಯ ಆ ಸಾಲಿಗೆ 'ಈ ಜಾಗ ಖಾಲಿ' ಎಂಬ ಗುರುತು ಬೀಳುತ್ತದೆ, ಅಷ್ಟೆ. ಕ್ವಿಕ್ ಫಾರ್ಮ್ಯಾಟ್ ಮಾಡುವುದೂ ಇದನ್ನೇ ದೊಡ್ಡ ಪ್ರಮಾಣದಲ್ಲಿ: ಹಳೆಯ ಪಟ್ಟಿಯ ಜಾಗದಲ್ಲಿ ಹೊಸ ಖಾಲಿ ಪಟ್ಟಿ ಬರೆಯುತ್ತದೆ. ಟೆಸ್ಟ್‌ಡಿಸ್ಕ್, ಫೋಟೋರೆಕ್‌ನಂಥ ಉಚಿತ ಸಾಧನಗಳು ಅಳಿದ ಫೈಲ್‌ಗಳನ್ನು ಎಬ್ಬಿಸಬಲ್ಲವು ಎಂದರೆ ಕಾರಣ ಇದೇ, ಅಕ್ಷರಗಳು ಅಲ್ಲೇ ಬಿದ್ದಿರುತ್ತವೆ. ನಿಜವಾದ ನಾಶ ನಡೆಯುವುದು ಫಾರ್ಮ್ಯಾಟಿನ ಮರುಕ್ಷಣ, ಹೊಸ ವಿಂಡೋಸಿನ ಇಪ್ಪತ್ತು ಜಿಬಿಯಷ್ಟು ಫೈಲ್‌ಗಳು ಆ 'ಖಾಲಿ' ಜಾಗದ ಮೇಲೆ ಬಂದು ಕೂತಾಗ. ಅಂದರೆ ರಿಪೇರಿ ಎಂದು ನಾವು ಕರೆಯುವ ಕೆಲಸವೇ ಗಾಯಕ್ಕಿಂತ ದೊಡ್ಡದು. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಇಡೀ ಭಾಗದ ಮೇಲೆ ಸೊನ್ನೆಗಳನ್ನೇ ಬರೆಯುತ್ತದೆ, ಅಲ್ಲಿ ಹುಡುಕುವುದಕ್ಕೇ ಏನೂ ಉಳಿಯದು. ಎಸ್‌ಎಸ್‌ಡಿ ಇರುವ ಯಂತ್ರಗಳಲ್ಲಂತೂ ಕಾಲಾವಕಾಶವೂ ಇಲ್ಲ. ಅಳಿಸಿದ ಜಾಗ ಯಾವುದೆಂದು ವಿಂಡೋಸ್ ಟ್ರಿಮ್ ಎಂಬ ಆಜ್ಞೆಯ ಮೂಲಕ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ತನ್ನ ಪಾಡಿಗೆ ತಾನು ಅದನ್ನು ಗುಡಿಸಿ ಹಾಕುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ವಾರಗಟ್ಟಲೆ ಉಳಿಯಬಹುದಾಗಿದ್ದ ಫೈಲ್ ಇಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಹೋಗಿರಬಹುದು. ಆದ್ದರಿಂದ ಏನೋ ಮಾಯವಾಗಿದೆ ಎಂದು ಕಂಡ ಕ್ಷಣ ಮಾಡಬೇಕಾದ ಕೆಲಸ ಆ ಡಿಸ್ಕಿಗೆ ಹೊಸದೇನನ್ನೂ ಬರೆಯದಿರುವುದು. ಹುಡುಕುವ ತಂತ್ರಾಂಶವನ್ನೂ ಅದರ ಮೇಲೆ ಇಳಿಸಬಾರದು. ಅಹಮದಾಬಾದಿಗೆ ಅಂಟಿಕೊಂಡೇ ಇರುವ ಗಾಂಧಿನಗರದಲ್ಲಿ ರಾಷ್ಟ್ರೀಯ ನ್ಯಾಯ ವಿಜ್ಞಾನ ವಿಶ್ವವಿದ್ಯಾಲಯವಿದೆ. ಅಂಥ ಕಡೆ ಡಿಜಿಟಲ್ ತನಿಖೆ ಕಲಿಯುವವರಿಗೆ ಮೊದಲ ಪಾಠ ಮೂಲ ಡಿಸ್ಕಿನ ಮೇಲೆ ಕೈಯಾಡಿಸಬಾರದು, ಅದರ ಬಿಟ್-ಬಿಟ್ ನಕಲು ತೆಗೆದು ನಕಲಿನ ಮೇಲೆ ಕೆಲಸ ಮಾಡಬೇಕು ಎಂಬುದು. ಕೊಲೆ ಪ್ರಕರಣಕ್ಕೆ ಸಲ್ಲುವ ಈ ನಿಯಮ ಮನೆಯ ಫೋಟೋಗಳಿಗೂ ಮೆಹ್ತಾಜಿಯ ಲೆಕ್ಕಕ್ಕೂ ಸಲ್ಲದಿರಲು ಕಾರಣ ಕಾಣೆ.

'ಇದೆಲ್ಲ ಮಾಡುತ್ತ ಕೂತರೆ ಎರಡು ದಿನ, ಫಾರ್ಮ್ಯಾಟ್ ಮಾಡಿದರೆ ಎರಡು ಗಂಟೆ' ಎಂದು ರಿಪೇರಿಯವರು ಹೇಳುವುದು ಸುಳ್ಳಲ್ಲ. ಅವರ ಸಮಯಕ್ಕೆ ಬೆಲೆಯಿದೆ, ಗ್ರಾಹಕ ಕೊಡುವ ಹಣ ಎರಡು ಗಂಟೆಯದು. ವೈರಸ್ ಹೊಕ್ಕ ಯಂತ್ರದಲ್ಲಿ, ಅದರಲ್ಲೂ ಕದ್ದ ಲೈಸೆನ್ಸಿನ 'ಕ್ರ್ಯಾಕ್' ತಂತ್ರಾಂಶಗಳ ಜೊತೆ ಬಂದ ಸೋಂಕಿನಲ್ಲಿ, ಖಾತೆಯೇ ನಂಬಲಾಗದ ಸ್ಥಿತಿಯಲ್ಲಿರುತ್ತದೆ, ಅಲ್ಲಿ ಹೊಸದಾಗಿ ಶುರುಮಾಡುವುದೇ ಸರಿ. ಆದರೆ ಹೊಸದಾಗಿ ಶುರುಮಾಡಲು ಹಳೆಯದನ್ನು ಅಳಿಸಲೇಬೇಕೆಂದೇನಿಲ್ಲ. ಒಂದು ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೆಯ ಡಿಸ್ಕನ್ನು ಬಿಚ್ಚಿ ಹೆಸರು ಬರೆದ ಲಕೋಟೆಯಲ್ಲಿ ಗ್ರಾಹಕರ ಕೈಗೆ ಕೊಡುವುದಕ್ಕೂ ಅವೇ ಎರಡು ಗಂಟೆ ಸಾಕು. ಇದರಿಂದ ಖರ್ಚು ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೂ ಒಂದು ವರ್ಷದ ಲೆಕ್ಕವನ್ನು ಬಿಲ್‌ಗಳಿಂದ ಮತ್ತೆ ಬರೆಸುವ ಖರ್ಚಿನ ಮುಂದೆ ಅದು ಚಿಲ್ಲರೆ.

ಹಳೆಯ ಡಿಸ್ಕ್ ಉಳಿದರೆ ಅದರಿಂದ ಎಷ್ಟು ಸಿಗುತ್ತದೆ, ಎಷ್ಟು ಸಿಗುವುದಿಲ್ಲ ಎಂಬುದಕ್ಕೆ ಪ್ರವಾಹಗಳೇ ಕಠಿಣ ಪರೀಕ್ಷೆ. 2006ರ ಆಗಸ್ಟಿನಲ್ಲಿ ಉಕಾಯ್ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿ ನದಿಯಲ್ಲಿ ಉಕ್ಕಿ ಸೂರತ್‌ನ ಬಹುಭಾಗ ಮುಳುಗಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಬಡಾವಣೆಗಳಿಗೆ ನುಗ್ಗಿತು. ಬೀದಿಗೆ ಬಂದ ಮೊಸಳೆಗಳು ಪತ್ರಿಕೆಗಳ ಮುಖಪುಟ ತುಂಬಿದವು, ಮೇಜಿನ ಕೆಳಗೆ ನೀರು ಕುಡಿದ ಸಿಪಿಯುಗಳ ಬಗ್ಗೆ ಯಾರೂ ಬರೆಯಲಿಲ್ಲ. ನೆನೆದ ಯಂತ್ರವನ್ನು ಒಣಗಿತೇ ಎಂದು ನೋಡಲು ಸ್ವಿಚ್ ಹಾಕುವುದು ಅತಿ ಕೆಟ್ಟ ಕೆಲಸ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ರಂಧ್ರವಿರುತ್ತದೆ, ಪ್ರವಾಹದ ಕೆಸರು ಅದರ ಮೂಲಕ ಒಳಹೋಗಿದ್ದರೆ ತಟ್ಟೆಗಳು ತಿರುಗಿದ ಕೂಡಲೇ ಗೀರು ಬೀಳುತ್ತದೆ. ಅದು ಪರಿಣತರ ಕೈಗೆ ಹೋಗಬೇಕಾದ ವಸ್ತು. ಮದರ್‌ಬೋರ್ಡ್ ಮಾತ್ರ ಸತ್ತು ಡಿಸ್ಕ್ ನೀರಿನಿಂದ ತಪ್ಪಿಸಿಕೊಂಡಿದ್ದರೆ, ಅದನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಫೋಟೋ, ಪತ್ರ, ಟ್ಯಾಲಿ ಫೋಲ್ಡರ್ ಎಲ್ಲ ಸಲೀಸಾಗಿ ಬರುತ್ತವೆ. 'ಪ್ರೋಗ್ರಾಂ ಫೈಲ್ಸ್' ಫೋಲ್ಡರನ್ನೂ ಹೀಗೇ ಎತ್ತಿ ಹೊಸ ಯಂತ್ರದಲ್ಲಿಟ್ಟರೆ? ಒಂದು ಬೈಟ್ ಕೂಡ ಕಡಿಮೆಯಿಲ್ಲದೆ ಎಲ್ಲ ಫೈಲ್ ಬಂದಿರುತ್ತವೆ, ಆದರೆ ಬಹುತೇಕ ಪ್ರೋಗ್ರಾಂಗಳು ಓಡುವುದಿಲ್ಲ. ಅವುಗಳ ಖಾತೆ ಹಳೆಯ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಉಳಿದುಹೋಗಿದೆ, ಹೊಸ ಯಂತ್ರಕ್ಕೆ ಅವುಗಳ ಪರಿಚಯವಿಲ್ಲ. ಖಾತೆ ಬೇಡದಂತೆ ಕಟ್ಟಿದ 'ಪೋರ್ಟಬಲ್' ಪ್ರೋಗ್ರಾಂಗಳು ಮಾತ್ರ ಎದ್ದು ನಿಲ್ಲುತ್ತವೆ. ನಮ್ಮ ವಾದಕ್ಕೆ ಇದಕ್ಕಿಂತ ಶುದ್ಧವಾದ ಪುರಾವೆ ಸಿಗುವುದು ಕಷ್ಟ. ಹೊಸ ಯಂತ್ರಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. 2024ರ ವಿಂಡೋಸ್ 11 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಹೊಕ್ಕರೆ ಹೆಚ್ಚಿನ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ, ಅದರ ಬೀಗದ ಕೈ ಆ ಯಂತ್ರದ ಟಿಪಿಎಂ ಎಂಬ ಭದ್ರತಾ ಅಂಗಕ್ಕೆ ಕಟ್ಟಿಕೊಂಡಿರುತ್ತದೆ. ಬೋರ್ಡ್ ಸತ್ತರೆ ಡಿಸ್ಕ್ ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಅದು ಆ ಅಕೌಂಟಿನಲ್ಲಿ ಉಳಿದಿರುತ್ತದೆ, ಆದರೆ ಅಂಗಡಿಯವರು ತಮ್ಮ ಇಮೇಲ್ ಹಾಕಿ ಯಂತ್ರ ಸಿದ್ಧಮಾಡಿಕೊಟ್ಟಿದ್ದರೆ ಮನೆಯವರಿಗೆ ಅದು ಸಿಗುವ ದಾರಿಯೇ ಇರುವುದಿಲ್ಲ.

ಸರಕು ಎಲ್ಲೆಡೆ ಸಿಗುತ್ತದೆ ಎಂದೆನಲ್ಲ, ಅದು ಎಲ್ಲ ಸರಕಿಗೂ ನಿಜವೇ ಎಂದು ಓದುಗರು ಕೇಳಬೇಕು. ಎಲ್ಲಕ್ಕೂ ನಿಜವಲ್ಲ. ಅಹಮದಾಬಾದಿನ ಗಲ್ಲಿಗಳಲ್ಲಿ ಕಂಕೋತ್ರಿ ಎಂಬ ಮದುವೆಯ ಆಮಂತ್ರಣ ಪತ್ರಗಳ ವಿನ್ಯಾಸ ಮಾಡುವ ಡಿಟಿಪಿ ಮನೆಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ ಮತ್ತು ಯೂನಿಕೋಡ್‌ಗೆ ಮೊದಲಿನ ಗುಜರಾತಿ ಫಾಂಟ್‌ಗಳ ಮೇಲೆ ಬೆಳೆದವು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ಕೂಡ ಸಿಎಸ್6ರ ನಂತರ ಆ ಫೈಲ್‌ಗಳನ್ನು ತೆರೆಯುವುದನ್ನು ಬಿಟ್ಟಿತು. ಹಳೆಯ ಫಾಂಟ್‌ಗಳಲ್ಲಿ ಗುಜರಾತಿ ಅಕ್ಷರದ ಸಂಕೇತವೇ ಇರಲಿಲ್ಲ, ರೋಮನ್ ಅಕ್ಷರದ ಸಂಕೇತಕ್ಕೆ ಗುಜರಾತಿ ಚಿತ್ರ ತೊಡಿಸಿದ್ದರು. ಫಾಂಟ್ ಹೋದರೆ ಮದುಮಗಳ ಹೆಸರು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫೈಲ್‌ಗಳನ್ನು ತೆರೆದ ಕನ್ನಡಿಗರಿಗೆ ಈ ರಾಶಿ ಚೆನ್ನಾಗಿ ಗೊತ್ತು. ಗುಜರಾತಿ, ಕನ್ನಡ ಎರಡಕ್ಕೂ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಜಾಗವಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಗುಜರಾತಿಯ ಶ್ರುತಿ, ಕನ್ನಡದ ತುಂಗಾ ಫಾಂಟ್‌ಗಳನ್ನು ಜೊತೆಗೇ ತಂದಿತು. ಆದರೂ ಅಚ್ಚಿನ ಲೋಕ ಹಳೆಯ ಫಾಂಟ್ ಬಿಡಲು ಇನ್ನೂ ಬಹಳ ವರ್ಷ ತೆಗೆದುಕೊಂಡಿತು. ಇಂಥ ಯಂತ್ರಗಳಲ್ಲಿ ತಂತ್ರಾಂಶ ಕಳೆಯುವುದೆಂದರೆ ದಾಖಲೆಯನ್ನೇ ಕಳೆದಂತೆ. ಹಾಗಿದ್ದರೆ ವಾದ ಮುರಿದುಬಿತ್ತೇ? ನನಗೆ ಹಾಗೆ ತೋರುವುದಿಲ್ಲ. ಯಾವ ಫಾಂಟ್, ಯಾವ ಆವೃತ್ತಿ, ಅದರ ಮೂಲ ಸಿಡಿ ಎಲ್ಲಿ ಎಂಬ ಪಟ್ಟಿಯಿಲ್ಲದೆ ಆ ಅಪರೂಪದ ಸರಕನ್ನು ಹುಡುಕುವುದು ಹೇಗೆ? ಸರಕು ವಿರಳವಾದಷ್ಟೂ ಖಾತೆಯ ಬೆಲೆ ಏರುತ್ತದೆ.

ಎಲ್ಲವೂ ಈಗ ಕ್ಲೌಡ್‌ನಲ್ಲಿದೆ, ಈ ಚಿಂತೆಯೇ ಹಳತಾಯಿತು ಎನ್ನುವವರೂ ಇದ್ದಾರೆ. ಕ್ಲೌಡಿನ ಫೋಲ್ಡರ್‌ಗಳು ಮಾಡುವುದು ಸಿಂಕ್, ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುವುದು ಅದರ ಧರ್ಮ. ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿಯುತ್ತದೆ ನಿಜ, ಆದರೆ ಹೋಗಿದೆ ಎಂದು ಗೊತ್ತಾಗುವುದು ಅಷ್ಟರೊಳಗಾಗಬೇಕು. ಇನ್ನು ಫೋಟೋಗಳು ಕ್ಲೌಡಿನಲ್ಲಿದ್ದರೂ ತಂತ್ರಾಂಶದ ಖಾತೆ ಅಲ್ಲಿಗೆ ಹೋಗುವುದು ಕಡಿಮೆ. ವಿಂಡೋಸಿನಲ್ಲೂ ಪ್ಯಾಕೇಜ್ ಪಟ್ಟಿ ಬರೆದುಕೊಡುವ ವಿನ್‌ಗೆಟ್ ಎಂಬ ಸಾಧನ 2021ರಿಂದ ಇದೆ. ಅದರ ಎಕ್ಸ್‌ಪೋರ್ಟ್ ಆಜ್ಞೆ ತನಗೆ ಗುರುತು ಸಿಕ್ಕ ತಂತ್ರಾಂಶಗಳ ಹೆಸರನ್ನೆಲ್ಲ ಒಂದು ಫೈಲಿಗೆ ಬರೆಯುತ್ತದೆ, ಇಂಪೋರ್ಟ್ ಆಜ್ಞೆ ಅದನ್ನು ಓದಿ ಮತ್ತೆ ಹಾಕುತ್ತದೆ. ಆ ಫೈಲನ್ನು ತನಗೇ ಇಮೇಲ್ ಮಾಡಿಕೊಂಡರೆ ತಾಪಿಯೂ ವಿಶ್ವಾಮಿತ್ರಿಯೂ ಅದನ್ನು ಮುಟ್ಟಲಾರವು. ಅದು ಗುರುತಿಸದ ಟೋಕನ್ ಡ್ರೈವರು, ಫಾಂಟು, ಲೈಸೆನ್ಸ್ ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಬರೆದು ಫೋಟೋ ಹಿಡಿದಿಟ್ಟರಾಯಿತು. ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಹೀಗಿದ್ದೂ ಜನರನ್ನೇ ದೂರುವುದು ನ್ಯಾಯವಲ್ಲ, ತಯಾರಕರ ಪಾಲೂ ಇದೆ. ವಿಂಡೋಸ್ ತನ್ನ ರಿಜಿಸ್ಟ್ರಿಯ ಒಂದು ನಕಲನ್ನು ಆಗಾಗ 'ರೆಗ್‌ಬ್ಯಾಕ್' ಎಂಬ ಫೋಲ್ಡರಿನಲ್ಲಿ ಇಡುತ್ತಿತ್ತು. 2018ರ 1803 ಆವೃತ್ತಿಯಿಂದ, ಡಿಸ್ಕಿನಲ್ಲಿ ಜಾಗ ಉಳಿಸಲೆಂದು, ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಫೋಲ್ಡರ್ ಹಾಗೆಯೇ ಇದೆ, ಫೈಲ್‌ಗಳ ಹೆಸರೂ ಕಾಣುತ್ತವೆ, ಗಾತ್ರ ಮಾತ್ರ ಸೊನ್ನೆ. ಹೀಗೆ ಉಳಿತಾಯವಾದ ಜಾಗವೋ, ಹತ್ತಾರು ಫೋಟೋಗಳಷ್ಟು. 2000ದಲ್ಲಿ ವಿಂಡೋಸ್ ಮಿ ಜೊತೆ ಬಂದ ಸಿಸ್ಟಮ್ ರಿಸ್ಟೋರ್, ತಂತ್ರಾಂಶಗಳ ಖಾತೆಯನ್ನು ಹಿಂದಿನ ದಿನಕ್ಕೆ ಒಯ್ಯಬಲ್ಲ, ಸ್ವಂತ ಫೈಲ್‌ಗಳನ್ನು ಮುಟ್ಟದ ಸಾಧನ. ಅದೂ ಅನೇಕ ಹೊಸ ಯಂತ್ರಗಳಲ್ಲಿ ಯಾರಾದರೂ ಒತ್ತಿ ಎಚ್ಚರಿಸುವವರೆಗೆ ಮಲಗಿಯೇ ಇರುತ್ತದೆ. ಒಂದು ವ್ಯವಸ್ಥೆ ಮಾತ್ರ ಖಾತೆಯ ಮಹತ್ವವನ್ನು ಅರೆಮನಸ್ಸಿನಿಂದ ಒಪ್ಪಿಕೊಂಡಂತಿದೆ. ಫೈಲ್‌ಗಳನ್ನು ಉಳಿಸಿಕೊಂಡು ಯಂತ್ರವನ್ನು ರೀಸೆಟ್ ಮಾಡಿದಾಗ, ತೆಗೆದುಹಾಕಿದ ತಂತ್ರಾಂಶಗಳ ಹೆಸರುಗಳ ಒಂದು ಪುಟವನ್ನು ವಿಂಡೋಸ್ ತಾನೇ ಬರೆದಿಡುತ್ತದೆ. ಅದರಲ್ಲಿ ಲೈಸೆನ್ಸ್ ಇಲ್ಲ, ಫಾಂಟ್ ಇಲ್ಲ, ಪ್ರಿಂಟರಿನ ಅಳತೆಯಿಲ್ಲ. ಇಡುವ ಜಾಗವೂ ಅದೇ ಯಂತ್ರದ ಅದೇ ಸಿ ಡ್ರೈವಿನ ಡೆಸ್ಕ್‌ಟಾಪ್.